ರಜೆಗೆ 11 ಜನ, 6 ದಿನ: ಅಡುಗೆ ಪ್ಲಾನ್ ಹೇಗೆ ಮಾಡ್ಕೋತೀರಾ?

ಪ್ರಶ್ನೆ: ಮುಸ್ಸಂಜೆ_ಒಲೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಮುಂದಿನ ತಿಂಗಳ ರಜೆಗೆ ನಮ್ಮನೇಲಿ ಎಲ್ಲಾ ಸೇರ್ತಿದೀವಿ, ಒಟ್ಟು 11 ಜನ, ಪೂರಾ 6 ದಿನ. ನಾವು ನಾಲ್ವರು, ಅಣ್ಣನ ಮನೆಯವ್ರು ನಾಲ್ವರು, ಅಪ್ಪ, ಅಮ್ಮ, ನಮ್ಮತ್ತೆ. ಅದ್ರಲ್ಲಿ ಮಕ್ಕಳು 4, ಎಲ್ಲಕ್ಕಿಂತ ಚಿಕ್ಕದಕ್ಕೆ ಇನ್ನೂ 3 ವರ್ಷ. ಅಪ್ಪಂಗೆ ಬಿಪಿ ಇರೋದ್ರಿಂದ ಉಪ್ಪು ಕಮ್ಮಿ ಇರ್ಬೇಕು, ಅತ್ತೆಗೆ ಶುಗರ್ರು, ಅಣ್ಣನ ಮಗಳಿಗೆ ಕಡಲೆಕಾಯಿ ಅಲರ್ಜಿ, ಇನ್ನು ಅರ್ಧ ಜನ ಮಾಂಸ ಮುಟ್ಟಲ್ಲ. ಫ್ರಿಜ್ ಇರೋದು ಒಂದೇ, ಮಾಮೂಲಿ ಸೈಜಿಂದು.

ಹೋದ ವರ್ಷ ಏನಾಯ್ತು ಹೇಳ್ತೀನಿ. ಎರಡನೇ ದಿನ ರಾತ್ರಿ, ನಾಳೆಗೂ ಆಗ್ಲಿ ಅಂತ ಬೇಳೆ ತರಕಾರಿ ಹಾಕಿ 8 ಲೀಟರ್ ಪಾತ್ರೆ ತುಂಬಾ ಸೂಪ್ ಮಾಡಿದ್ದೆ. ಊಟ ಆಗಿ, ಪಾತ್ರೆ ಎಲ್ಲಾ ತೊಳೆದು ಮುಗಿಸೋ ಹೊತ್ತಿಗೆ ರಾತ್ರಿ 11 ಗಂಟೆ, ಸೂಪ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಬಿಸಿ ಇರೋ ಹಾಗೇ ಮುಚ್ಚಳ ಹಾಕಿ ಫ್ರಿಜ್ಜಿನ ಒಂದು ಶೆಲ್ಫ್ ಕಿತ್ತು ಒಳಗೆ ತಳ್ಳಿದೆ. ಬೆಳಗ್ಗೆ ಎದ್ದು ಹಾಲು ತೆಗೀತೀನಿ, ಹಾಲು ತಣ್ಣಗೇ ಇಲ್ಲ. ಸೂಪಿನ ಮುಚ್ಚಳ ತೆಗೆದು ನೋಡಿದ್ರೆ ಅಂಚಲ್ಲಿ ತಣ್ಣಗಿದೆ, ಸೌಟು ಹಾಕಿ ತಳದಿಂದ ಎತ್ತಿದ್ರೆ ನಡುವೆ ಇನ್ನೂ ಉಗುರುಬೆಚ್ಚಗೆ, ಸಣ್ಣ ಸಣ್ಣ ಗುಳ್ಳೆ, ಹುಳಿ ವಾಸನೆ. ಅಷ್ಟೂ ಚೆಲ್ಲಿದೆ, ಜೊತೆಗೆ ಹಾಲು, ಹಿಂದಿನ ದಿನದ ಕೋಳಿ, ಮಕ್ಕಳಿಗೆ ಅಂತ ಇಟ್ಟಿದ್ದ ಕಸ್ಟರ್ಡು ಎಲ್ಲಾ ಚೆಲ್ಲಿದೆ. ಅವತ್ತು ಮಧ್ಯಾಹ್ನ ಎಲ್ರೂ ಹೊರಗೆ ಆಟ ಆಡ್ತಿದ್ರು, ನಾನು ಸಿಂಕ್ ಮುಂದೆ ನಿಂತು ಹೊಸದಾಗಿ ಈರುಳ್ಳಿ ಹೆಚ್ತಿದ್ದೆ, ಆ ನಗು ಕೇಳಿಸ್ತಾ ಇತ್ತು, ನಂಗೆ ಅಳು ತಡ್ಕೊಳಕ್ಕೆ ಆಗ್ಲಿಲ್ಲ. ಆಮೇಲೆ ಆ ರಜೆಯ ಫೋಟೋ ನೋಡಿದ್ರೆ ಒಂದ್ರಲ್ಲೂ ನಾನಿಲ್ಲ.

ಈ ಸಲ ಹಾಗಾಗ್ಬಾರ್ದು. ನಂಗೆ ಅಡುಗೆ ಅಂದ್ರೆ ನಿಜವಾಗ್ಲೂ ಇಷ್ಟ, ಎಲ್ರೂ ನನ್ನ ಕೈ ಊಟ ಮಾಡಿದ್ರೆ ಹೊಟ್ಟೆ ತುಂಬುತ್ತೆ ನಂಗೆ, ಆದ್ರೆ ನಾನೂ ಅವರ ಜೊತೆ ಕೂತ್ಕೊಂಡು ತಿನ್ಬೇಕು. ದೊಡ್ಡ ಸಂಸಾರಕ್ಕೆ ಅಡುಗೆ ಮಾಡಿ ಅನುಭವ ಇರೋರು ಹೇಳಿ, ಮೆನು ಹೇಗೆ ಹಾಕ್ಕೋತೀರಾ, ಅಳತೆ ಹೇಗೆ, ಮುಂಚೇನೇ ಏನೇನು ಮಾಡಿಡಬಹುದು?

ಉತ್ತರ 1: ಹಳೇ_ಡೈರಿ

ನಿಮ್ಮ ಪೋಸ್ಟ್ ಓದಿ ಸುಮ್ಮನಿರಕ್ಕೆ ಆಗ್ಲಿಲ್ಲ. ನಮ್ಮನೇಲಿ ವರ್ಷಕ್ಕೆರಡು ಸಲ 13 ಜನ ಸೇರ್ತೀವಿ, ಹತ್ತು ವರ್ಷದಿಂದ ಒಂದು ಡೈರೀಲಿ ಬರೆದಿಡ್ತಾ ಬಂದಿದೀನಿ, ಏನು ಮಾಡಿದ್ವಿ, ಎಷ್ಟು ಉಳೀತು, ಯಾವುದು ಸಾಲ್ಲಿಲ್ಲ ಅಂತ.

ಮೊದಲು ಮೆನು ಹಾಕಕ್ಕೆ ಕೂರಬೇಡಿ. ಎಲ್ಲರೂ ಮಾಡೋ ತಪ್ಪೇ ಅದು. ಒಂದು ಹಾಳೇಲಿ 6 ದಿನ ಅಡ್ಡ, 3 ಹೊತ್ತು ಉದ್ದ ಗೆರೆ ಎಳೀರಿ, 18 ಮನೆ ಆಗುತ್ತೆ. ಅದ್ರಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಇರ್ತಾರೆ ಅಂತ ಮಾತ್ರ ಬರೀರಿ. ಬರೋ ದಿನ ಬೆಳಗಿನ ತಿಂಡಿ ಇಲ್ಲ, ಹೋಗೋ ದಿನ ರಾತ್ರಿ ಊಟ ಇಲ್ಲ, ಒಂದು ದಿನ ಎಲ್ಲಾದ್ರೂ ಸುತ್ತಕ್ಕೆ ಹೋಗ್ತೀರ, ಹಂಗೆ ಕಳೀತಾ ಬಂದ್ರೆ 18 ಇದ್ದಿದ್ದು 14ಕ್ಕೋ 13ಕ್ಕೋ ಇಳಿಯುತ್ತೆ. ನಂಗೆ ಮೊದಲ ಸಲ ಹಾಗೆ ಬರೆದಾಗಲೇ ಎದೆ ಮೇಲಿನ ಭಾರ ಅರ್ಧ ಇಳೀತು.

ಎರಡನೇದು, ದಿನಕ್ಕೆ ಒಂದೇ ಒಂದು ದೊಡ್ಡ ಊಟ. ಅದು ಮಧ್ಯಾಹ್ನನೋ ರಾತ್ರೀನೋ ನೀವೇ ತೀರ್ಮಾನ ಮಾಡಿ. ಬೆಳಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಹಾಲು ಎಲ್ಲಾ ಟೇಬಲ್ ಮೇಲೆ ಜೋಡಿಸಿಟ್ರೆ ಎದ್ದೋರು ಎದ್ದಂಗೆ ತಗೊಂಡು ತಿಂತಾರೆ. ಬೇಯಿಸಿದ ಮೊಟ್ಟೆ ಸಿಪ್ಪೆ ಸಮೇತ ಫ್ರಿಜ್ಜಲ್ಲಿ ಒಂದು ವಾರ ಇರುತ್ತೆ, ಒಂದೇ ಸಲ ಒಂದೂವರೆ ಡಜನ್ ಬೇಯಿಸಿಟ್ಕೊಳ್ಳಿ. ಇನ್ನೊಂದು ಹೊತ್ತು ಹಗುರ, ಸೂಪು ಬ್ರೆಡ್ಡು ಥರ.

ಅಳತೆ ಕೇಳಿದ್ರಲ್ಲ, ನನ್ನ ಡೈರಿ ಲೆಕ್ಕ ಹೀಗಿದೆ. ಮಕ್ಕಳನ್ನ ಅರ್ಧ ಅಂತ ಹಿಡೀರಿ, ಆಗ ನಿಮ್ಮ 11 ಜನ 9 ದೊಡ್ಡೋರ ಲೆಕ್ಕ ಆಯ್ತು. ಜೊತೆಗೆ ಬೇರೆ ಎರಡು ಐಟಂ ಇದ್ರೆ ಒಬ್ಬರಿಗೆ ಅಕ್ಕಿ 80 ಗ್ರಾಂ ಸಾಕು, ಅಂದ್ರೆ 720 ಗ್ರಾಂ, ಬೆಂದ ಮೇಲೆ 2 ಕೆಜಿ ದಾಟುತ್ತೆ. ಒಣ ಬೇಳೆ ಕಾಳು ತಲೆಗೆ 50 ಗ್ರಾಂ, ಮೂಳೆ ಇಲ್ಲದ ಮಾಂಸ ತಿನ್ನೋರಿಗೆ 150 ಗ್ರಾಂ. ಮೊದಲನೇ ದಿನ ಈ ಲೆಕ್ಕಕ್ಕೆ ಮಾಡಿ, ಉಳಿದಿದ್ದು ನೋಡ್ಕೊಂಡು ಎರಡನೇ ದಿನ ಹೆಚ್ಚು ಕಮ್ಮಿ ಮಾಡ್ಕೊಳ್ಳಿ. ನೆಂಟರಿಗೆ ಕಮ್ಮಿ ಬಿದ್ಬಿಟ್ರೆ ಅನ್ನೋ ಭಯಕ್ಕೆ ನಾವು ಯಾವಾಗ್ಲೂ ಒಂದೂವರೆ ಪಟ್ಟು ಮಾಡ್ತೀವಿ, ಅದೇ ಭಯ ಆಮೇಲೆ ಫ್ರಿಜ್ ತುಂಬಿಸೋದು.

ತರಕಾರಿ ಕೊಳ್ಳೋವಾಗ ಬೇಗ ಬಾಡೋದು ಯಾವುದು, ತಡ್ಕೊಳ್ಳೋದು ಯಾವುದು ಅಂತ ಎರಡು ಗುಂಪು ಮಾಡಿ. ಸೊಪ್ಪು, ಅಣಬೆ, ಹಣ್ಣಾದ ಟೊಮೆಟೊ ಮೊದಲೆರಡು ದಿನಕ್ಕೆ. ಕೋಸು, ಕ್ಯಾರೆಟ್ಟು, ಕುಂಬಳಕಾಯಿ, ಆಲೂಗಡ್ಡೆ ಕೊನೇ ದಿನಕ್ಕೆ. ಆಲೂಗಡ್ಡೆ ಈರುಳ್ಳಿ ಒಂದೇ ಬುಟ್ಟೀಲಿ ಇಡಬೇಡಿ, ಬೇಗ ಮೊಳಕೆ ಬರುತ್ತೆ.

ಕೊನೇದು, ಇದನ್ನ ಒತ್ತಿ ಹೇಳ್ತೀನಿ. ಮನೆಯವರ ಹತ್ರ "ಸ್ವಲ್ಪ ಹೆಲ್ಪ್ ಮಾಡಿ" ಅಂತ ಕೇಳಬೇಡಿ. ಹೆಲ್ಪ್ ಅಂದ್ರೆ ಅವ್ರು ಬಂದು ಏನು ಹೆಚ್ಲಿ, ಎಷ್ಟು ಹೆಚ್ಲಿ, ಚಾಕು ಎಲ್ಲಿದೆ ಅಂತ ನಿಮ್ಮನ್ನೇ ಕೇಳ್ತಾ ನಿಲ್ತಾರೆ, ಯೋಚನೆ ಮಾಡೋ ಕೆಲಸ ನಿಮ್ಮ ತಲೆ ಮೇಲೇ ಉಳಿಯುತ್ತೆ. ಅದರ ಬದಲು ಆ ಹಾಳೇಲಿ ಒಂದೊಂದು ಮನೆಗೆ ಒಬ್ಬೊಬ್ಬರ ಹೆಸರು ಬರೀರಿ. ಮೂರನೇ ದಿನ ರಾತ್ರಿ ಊಟ ಅಣ್ಣಂದು ಅಂದ್ರೆ ಏನು ಮಾಡೋದು ಅಂತ ಯೋಚಿಸೋದ್ರಿಂದ ಹಿಡಿದು ಒಲೆ ಒರೆಸೋವರೆಗೂ ಅವರದ್ದೇ. ಅವ್ರು ಮಾಡಿದ್ದು ನಿಮ್ಮಷ್ಟು ರುಚಿ ಇಲ್ದೇ ಇರಬಹುದು, ಪರವಾಗಿಲ್ಲ, ಅಡುಗೆಮನೆ ಕಡೆ ತಲೆ ಹಾಕಬೇಡಿ.

ಉತ್ತರ 2: ಸೌಟು_ಹಿಡಿದೋನು

ನಾನು 14 ವರ್ಷದಿಂದ ಒಂದು ಹಾಸ್ಟೆಲ್ ಅಡುಗೆಮನೇಲಿ ಕೆಲಸ ಮಾಡ್ತಿದೀನಿ ಮೇಡಂ, ನಿಮ್ಮ ಸೂಪಿನ ಕಥೆ ಓದ್ತಿದ್ದಂಗೆ ಏನಾಗಿದೆ ಅಂತ ಗೊತ್ತಾಯ್ತು, ಸೂಪು ಮಾಡಿದ್ರಲ್ಲಿ ನಿಮ್ಮ ತಪ್ಪೇನಿಲ್ಲ, ತಣಿಸೋದು ಹೆಂಗೆ ಅಂತ ನಮಗೆ ಮನೆಗಳಲ್ಲಿ ಯಾರೂ ಹೇಳ್ಕೊಡಲ್ಲ ಅಷ್ಟೆ.

ಬಿಸಿ ಹೊರಗೆ ಹೋಗೋದು ಮೈಯಿಂದ, ಅಂದ್ರೆ ಪಾತ್ರೆ ಗೋಡೆ ಮತ್ತೆ ಮೇಲ್ಭಾಗದಿಂದ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ಮಾಲು ಜಾಸ್ತಿ ಆಗುತ್ತೆ, ಮೈ ಅಷ್ಟು ಜಾಸ್ತಿ ಆಗಲ್ಲ, ಅದಕ್ಕೇ ಲೋಟದಲ್ಲಿರೋ ಟೀ ಹತ್ತು ನಿಮಿಷಕ್ಕೆ ಆರುತ್ತೆ, ಹಂಡೆ ನೀರು ಗಂಟೆಗಟ್ಟಲೆ ಬಿಸಿ ಇರುತ್ತೆ. ಬೇಳೆ ಹಾಕಿದ ಸೂಪು ಮಂದ ಬೇರೆ, ಒಳಗೊಳಗೇ ತಿರುಗಾಡಲ್ಲ, ಮುಚ್ಚಳ ಹಾಕಿದ್ದೀರ, ಆವಿಗೂ ದಾರಿ ಇಲ್ಲ. ನಡುವಿನ ಸೂಪು ರಾತ್ರಿಯೆಲ್ಲಾ ಬೆಚ್ಚಗೆ ಇದೆ, ಅದರ ಬಿಸಿಗೆ ಪಕ್ಕದ ಹಾಲೂ ಬೆಚ್ಚಗಾಗಿದೆ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೆಳೆಯೋ ಜಾಗ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರ ಅಂತ ಒಂದು ಪೋಸ್ಟರ್ ಮಾಡಿತ್ತು, ನಮ್ಮ ಅಡುಗೆಮನೆ ಗೋಡೆ ಮೇಲೆ ಈಗಲೂ ಇದೆ: ಶುಚಿಯಾಗಿರಿ, ಹಸಿ ಪದಾರ್ಥ ಬೆಂದಿದ್ದು ಬೇರೆ ಬೇರೆ ಇಡಿ, ಪೂರ್ತಿ ಬೇಯಿಸಿ, ಸರಿಯಾದ ಬಿಸಿಯಲ್ಲೋ ತಂಪಲ್ಲೋ ಇಡಿ, ಒಳ್ಳೆ ನೀರು ಒಳ್ಳೆ ಸಾಮಾನು ಬಳಸಿ. ಮನೇಲಿ ನಾಲ್ಕನೇದೇ ಕೈ ಕೊಡೋದು.

ಏನು ಮಾಡಬೇಕು ಅಂದ್ರೆ, ಒಲೆ ಆಫ್ ಮಾಡಿದ ಮೇಲೆ ಊಟಕ್ಕೆ ಎಷ್ಟು ಬೇಕೋ ಅಷ್ಟು ಬಡಿಸೋ ಪಾತ್ರೆಗೆ ತೆಗೀರಿ, ನಾಳೆಗೆ ಅಂತ ಇರೋದನ್ನ ಆಗಲೇ, ಊಟಕ್ಕೆ ಕೂರೋಕ್ಕೆ ಮುಂಚೇನೇ, ಅಗಲವಾದ ಡಬ್ಬಿ ಅಥವಾ ಟ್ರೇಗಳಿಗೆ ಹುಯ್ಯಿರಿ, ಎರಡು ಇಂಚಿಗಿಂತ ಆಳ ಬೇಡ. ಸಿಂಕಿಗೆ ಬಿರಡೆ ಹಾಕಿ ತಣ್ಣೀರು ತುಂಬಿ, ಐಸ್ ಇದ್ರೆ ಹಾಕಿ, ಅದರಲ್ಲಿ ಟ್ರೇ ಇಟ್ಟು ಆಗಾಗ ಕಲಕಿ. ನೀವು ಊಟ ಮುಗಿಸಿ ಬರೋಷ್ಟರಲ್ಲಿ ಫ್ರಿಜ್ಜಿಗೆ ರೆಡಿ. ದೊಡ್ಡ ಅಡುಗೆಮನೆಗಳಲ್ಲಿ ಪಾಲಿಸೋ ಲೆಕ್ಕ ಏನಂದ್ರೆ ಮೊದಲ 2 ಗಂಟೇಲಿ 21 ಡಿಗ್ರಿಗೆ ಇಳೀಬೇಕು, ಅಲ್ಲಿಂದ 4 ಗಂಟೆ ಒಳಗೆ 5 ಡಿಗ್ರಿ. ಇನ್ನೊಂದು ಉಪಾಯ, ಸೂಪನ್ನ ನೀರು ಕಮ್ಮಿ ಹಾಕಿ ಗಟ್ಟಿಯಾಗಿ ಮಾಡಿ, ಕೊನೆಗೆ ಕುಡಿಯೋ ನೀರಿನ ಐಸ್ ಹಾಕಿಬಿಡಿ, ನೀರೂ ಸರಿ ಹೋಯ್ತು ಬಿಸೀನೂ ಇಳೀತು.

ಅನ್ನದ ಬಗ್ಗೆ ಬೇರೆಯಾಗಿ ಹೇಳ್ತೀನಿ ಯಾಕಂದ್ರೆ ಜನ ಸೂಪಿಗೆ ಹೆದರ್ತಾರೆ, ಅನ್ನಕ್ಕೆ ಹೆದರಲ್ಲ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಅದು ಕುದಿಸಿದ್ರೂ ಸಾಯಲ್ಲ. ಅನ್ನ ಹೊರಗೆ ಬೆಚ್ಚಗೆ ಬಿದ್ದಿದ್ರೆ ಅದು ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ವಾಸನೆ ಬಂದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ. ಅನ್ನ ಉಳಿದ್ರೆ ಒಂದು ಗಂಟೆ ಒಳಗೆ ತಟ್ಟೇಲಿ ಹರಡಿ ಆರಿಸಿ ಫ್ರಿಜ್ಜಿಗಿಡಿ, ಮಾರನೇ ದಿನವೇ ತಿಂದು ಮುಗಿಸಿ. ಬೇರೆ ಬೆಂದ ಪದಾರ್ಥ 3, ಹೆಚ್ಚಂದ್ರೆ 4 ದಿನ. ಮತ್ತೆ ಬಿಸಿ ಮಾಡೋವಾಗ ನಡುವೆ ಕುದಿ ಬರಲಿ, ಅಂಚಲ್ಲಿ ಗುಳ್ಳೆ ಬಂತು ಅಂತ ಇಳಿಸಬೇಡಿ, ಮತ್ತೆ ಒಂದೇ ಸಲ ಬಿಸಿ ಮಾಡಿ, ಎಷ್ಟು ಬೇಕೋ ಅಷ್ಟೇ ತೆಗೆದು.

ಫ್ರಿಜ್ ಕಿಕ್ಕಿರಿದು ತುಂಬಬೇಡಿ, ಒಳಗೆ ಗಾಳಿ ಆಡಬೇಕು. ಒಂದು ಚಿಕ್ಕ ಥರ್ಮಾಮೀಟರ್ ತಗೊಂಡು ಒಳಗಿಡಿ, 4 ಡಿಗ್ರಿ ಆಸುಪಾಸು ಇರಬೇಕು, 11 ಜನ ದಿನಕ್ಕೆ ಎಷ್ಟು ಸಲ ಬಾಗಿಲು ತೆಗೀತಾರೋ ದೇವರಿಗೇ ಗೊತ್ತು. ಹಸಿ ಮಾಂಸ ಕೆಳಗಿನ ತಟ್ಟಲ್ಲೇ, ರಸ ಸೋರಿ ಇನ್ನೊಂದರ ಮೇಲೆ ಬೀಳಬಾರದು. ಕುಡಿಯೋ ನೀರು, ಜ್ಯೂಸು, ಉಪ್ಪಿನಕಾಯಿ ಥರದ್ದೆಲ್ಲಾ ಆ 6 ದಿನ ಹೊರಗಿರಲಿ, ಬೇಕಾದ್ರೆ ಐಸ್ ಹಾಕಿದ ಬಕೆಟ್ಟಲ್ಲಿ ಬಾಟ್ಲಿ ಇಡಿ.

ಅಳತೆ ಹೆಚ್ಚಿಸೋದ್ರ ಬಗ್ಗೆ ಒಂದು ಮಾತು. 4 ಜನದ ಅಡುಗೇನ 11 ಜನಕ್ಕೆ ಮಾಡ್ತೀನಿ ಅಂತ ಎಲ್ಲಾನೂ ಪೌಣೆ ಮೂರು ಪಟ್ಟು ಮಾಡಿದ್ರೆ ಕೆಡುತ್ತೆ. ನೀರು ಅಷ್ಟು ಬೇಡ, ದೊಡ್ಡ ಪಾತ್ರೇಲಿ ಆವಿ ಆಗಿ ಹೋಗೋದು ಆ ಲೆಕ್ಕದಲ್ಲಿ ಜಾಸ್ತಿ ಆಗಲ್ಲ. ಖಾರ ಮಸಾಲೆ ಎರಡು ಪಟ್ಟಿಗೆ ನಿಲ್ಲಿಸಿ ರುಚಿ ನೋಡಿ. ಎಣ್ಣೆ ಪಾತ್ರೆ ತಳ ನೆನೆಯೋಷ್ಟು ಸಾಕು. ಈರುಳ್ಳಿ ಒಂದೇ ಸಲ ರಾಶಿ ಹಾಕಿದ್ರೆ ಬಾಡಲ್ಲ, ನೀರು ಬಿಟ್ಕೊಂಡು ಬೇಯುತ್ತೆ, ಬಣ್ಣ ಬರಲ್ಲ, ಎರಡು ಸಲ ಹುರೀರಿ. ಕುಕ್ಕರ್ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ, ಬೇಳೆ ಕಾಳು ಆದ್ರೆ ಅರ್ಧ ಮಾತ್ರ, ನೊರೆ ಬಂದು ವೆಂಟ್ ಕಟ್ಟಿಕೊಂಡ್ರೆ ಅಪಾಯ.

ಉತ್ತರ 3: ಎರಡು_ಜಡೆ_ಅಮ್ಮ

ಸೌಟು ಅಣ್ಣ ಹೇಳಿದ್ದು ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ, ಥ್ಯಾಂಕ್ಸ್.

ನಾನು ಆಫೀಸಿಗೆ ಹೋಗೋಳು, ರಜೆ ಶುರು ಆಗೋ ಹಿಂದಿನ ದಿನದವರೆಗೂ ಕೆಲಸ ಇರುತ್ತೆ, ಅದಕ್ಕೆ ನನ್ನ ಕಾಪಾಡೋದು ಫ್ರೀಜರ್ರು. ಆದ್ರೆ ಪೂರ್ತಿ ಅಡುಗೆ ಮಾಡಿ ಇಡಲ್ಲ, ಅರ್ಧ ಅಡುಗೆ ಮಾಡಿಡ್ತೀನಿ. ಈರುಳ್ಳಿ ಬೆಳ್ಳುಳ್ಳಿ ಶುಂಠಿ ಟೊಮೆಟೊ ಎಣ್ಣೆ ಬಿಡೋವರೆಗೂ ಹುರಿದು ತಣಿಸಿ, ಜಿಪ್ ಇರೋ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಕೈಯಲ್ಲಿ ತಟ್ಟಿ ಪುಸ್ತಕದಷ್ಟು ಚಪ್ಪಟೆ ಮಾಡಿ ಮಲಗಿಸಿ ಫ್ರೀಜ್ ಮಾಡ್ತೀನಿ. ಗಟ್ಟಿ ಆದ್ಮೇಲೆ ಪುಸ್ತಕ ಜೋಡಿಸಿದಂಗೆ ನಿಲ್ಲಿಸಿದ್ರೆ ಒಂದು ಡಬ್ಬಿ ಜಾಗದಲ್ಲಿ ಆರು ಕವರ್ ಕೂರುತ್ತೆ. ಬೇಕಾದಾಗ ಕವರ್ ಮುರಿದು ಬಾಣಲೆಗೆ ಹಾಕಿದ್ರೆ ಐದು ನಿಮಿಷದಲ್ಲಿ ಕರಗುತ್ತೆ, ಅದಕ್ಕೆ ಕಾಳು ಹಾಕಿದ್ರೆ ಒಂದು ಅಡುಗೆ, ಕೋಳಿ ಹಾಕಿದ್ರೆ ಇನ್ನೊಂದು, ಅರ್ಧ ಜನ ಮಾಂಸ ತಿನ್ನಲ್ಲ ಅಂದ್ರಲ್ಲ, ನಿಮಗೆ ಇದು ಹೇಳಿ ಮಾಡಿಸಿದಂಗೆ ಆಗುತ್ತೆ. ಪ್ರತಿ ಕವರ್ ಮೇಲೆ ತಾರೀಖು ಬರೀರಿ, ಎಲ್ಲಾ ಕೆಂಪಗೇ ಕಾಣುತ್ತೆ ಆಮೇಲೆ. ಗಾಜಿನ ಬಾಟ್ಲಿ ಆದ್ರೆ ಕುತ್ತಿಗೆವರೆಗೂ ತುಂಬಬೇಡಿ, ನೀರು ಮಂಜಾದಾಗ ಹೆಚ್ಚುಕಮ್ಮಿ ನೂರಕ್ಕೆ 9 ಭಾಗ ಹಿಗ್ಗುತ್ತೆ, ಒಡೆಯುತ್ತೆ.

ಬೇಯಿಸಿದ ಕಾಳು, ಬ್ರೆಡ್ಡು, ನಾದಿದ ಹಿಟ್ಟು ಫ್ರೀಜರ್‌ಗೆ ಚೆನ್ನಾಗಿರುತ್ತೆ. ಆಲೂಗಡ್ಡೆ ಹೋಳು ಮರಳು ಮರಳಾಗುತ್ತೆ, ಸೌತೆಕಾಯಿ ನೀರಾಗುತ್ತೆ, ಬೇಯಿಸಿದ ಮೊಟ್ಟೆ ಬಿಳಿ ರಬ್ಬರ್ ಆಗುತ್ತೆ, ಮೂರೂ ಬೇಡ. ಕೋಳಿ ಇಡೀದು ಫ್ರೀಜ್ ಆಗಿದ್ರೆ ಫ್ರಿಜ್ಜಿನ ಕೆಳ ತಟ್ಟಲ್ಲೇ ಕರಗಿಸಿ, 2 ಕೆಜಿಗೆ ಒಂದು ದಿನ ಪೂರ್ತಿ ಬೇಕು, ಬೆಳಗ್ಗೆ ನೆನಪಾಗಿ ಹೊರಗಿಟ್ರೆ ಮೇಲೆ ಬೆಚ್ಚಗೆ ಒಳಗೆ ಮಂಜು. ಹಾಳೇಲಿ ಹಿಂದಿನ ದಿನದ ಮನೇಲೇ "ಕೋಳಿ ಕೆಳಗಿಳಿಸು" ಅಂತ ಬರೆದಿಡಿ.

ಮಕ್ಕಳ ವಿಷಯ. ನನ್ನ ಚಿಕ್ಕೋಳು ಕಲಸಿದ್ದು ಏನೂ ಮುಟ್ಟಲ್ಲ. ಅದಕ್ಕೆ ನಾನು ಬಿಡಿ ಬಿಡಿಯಾಗಿ ಇಡ್ತೀನಿ, ಅನ್ನ ಒಂದು ಕಡೆ, ಬೇಯಿಸಿದ ಕ್ಯಾರೆಟ್ ಒಂದು ಕಡೆ, ಕಾಳು ಒಂದು ಕಡೆ, ಗ್ರೇವಿ ಬೇರೆ, ಅವರವರೇ ತಟ್ಟೇಲಿ ಜೋಡಿಸ್ಕೋತಾರೆ. ಹೋದ ರಜೇಲಿ ನಾಲ್ಕು ದಿನ ಬರೀ ಅನ್ನ ತಿಂದೋಳು ಐದನೇ ದಿನ ಅಕ್ಕನ್ನ ನೋಡಿ ತಾನೇ ಒಂದು ಚಮಚ ಕಾಳು ಹಾಕ್ಕೊಂಡ್ಳು, ನಾನು ನೋಡಿದ್ರೂ ನೋಡದಂಗೆ ಇದ್ದೆ, ಎಷ್ಟು ಖುಷಿ ಆಯ್ತು ಗೊತ್ತಾ.

ಇನ್ನೊಂದು ಐಡಿಯಾ, ಸ್ಲೋ ಕುಕ್ಕರ್ (ಕಮ್ಮಿ ಬಿಸೀಲಿ ಗಂಟೆಗಟ್ಟಲೆ ಬೇಯಿಸೋ ಕರೆಂಟ್ ಪಾತ್ರೆ) ಇದ್ರೆ ರಾತ್ರಿ ರಾಜ್ಮಾ ನೆನೆ ಹಾಕದೇ ಹಾಗೇ ಹಾಕಿ ಲೋ ಅಲ್ಲಿ ಬಿಟ್ರೆ ಬೆಳಗ್ಗೆ ಬೆಂದಿರುತ್ತೆ ಅಂತ ನನ್ನ ಫ್ರೆಂಡ್ ಹೇಳಿದ್ಳು, ಟ್ರೈ ಮಾಡಬಹುದು.

ಉತ್ತರ 4: ಸೌಟು_ಹಿಡಿದೋನು

ಎರಡು ಜಡೆ ಅಮ್ಮಂಗೆ, ಆ ಕೊನೇ ಐಡಿಯಾ ದಯವಿಟ್ಟು ಬೇಡ ಅಕ್ಕ. ರಾಜ್ಮಾ ಅಲ್ಲಿ, ಅದರಲ್ಲೂ ಕೆಂಪು ರಾಜ್ಮಾ ಅಲ್ಲಿ, ಹೊಟ್ಟೆಗೆ ಆಗದ ಲೆಕ್ಟಿನ್ ಅನ್ನೋ ಅಂಶ ಜಾಸ್ತಿ, ಅದು ಹೋಗ್ಬೇಕು ಅಂದ್ರೆ ಗಳಗಳ ಕುದೀಬೇಕು. ಸ್ಲೋ ಕುಕ್ಕರ್ ಲೋ ಅಲ್ಲಿ ಅಷ್ಟು ಬಿಸಿ ಬರದೇ ಇರಬಹುದು, ಕಾಳು ಮೆತ್ತಗಾಗಿರುತ್ತೆ, ವಿಷ ಹಾಗೇ ಇರುತ್ತೆ, ಅರೆಬೆಂದಿದ್ದು ಹಸಿಗಿಂತಲೂ ಹೆಚ್ಚು ತೊಂದರೆ ಕೊಡಬಹುದು. ತಿಂದ ಒಂದರಿಂದ ಮೂರು ಗಂಟೆ ಒಳಗೆ ಜೋರು ವಾಂತಿ ಶುರು ಆಗುತ್ತೆ. ಕಮ್ಮಿ ಅಂದ್ರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಬೇಕಾದ್ರೆ ಸ್ಲೋ ಕುಕ್ಕರ್‌ಗೆ ಹಾಕಿ. ಪ್ರೆಶರ್ ಕುಕ್ಕರ್ ಆದ್ರೆ ಒಳಗೆ 115, 120 ಡಿಗ್ರಿ ಇರುತ್ತೆ, ಕಾಳು ಪೂರ್ತಿ ಬೆಂದ್ರೆ ಚಿಂತೆ ಇಲ್ಲ.

ಟೊಮೆಟೊ ಹುಳಿ ಎಲ್ಲಾ ಕಾಳು ಬೆಂದ ಮೇಲೆ ಹಾಕಿ, ಮೊದಲೇ ಹಾಕಿದ್ರೆ ಸಿಪ್ಪೆ ಮೆತ್ತಗಾಗಲ್ಲ.

ಉತ್ತರ 5: ಎರಡು_ಜಡೆ_ಅಮ್ಮ

ಅಯ್ಯೋ, ಒಳ್ಳೇದಾಯ್ತು ಹೇಳಿದ್ದು. ಈಗಲೇ ಫ್ರೆಂಡಿಗೂ ಫೋನ್ ಮಾಡಿ ಹೇಳ್ತೀನಿ.

ಉತ್ತರ 6: ನೀಲಿ_ಬುತ್ತಿ

ಅಲರ್ಜಿ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೀತೀನಿ. ನನ್ನ ಮಗನಿಗೆ ಕಡಲೆಕಾಯಿ ಅಲರ್ಜಿ. ನಾಲ್ಕು ವರ್ಷದವನಿದ್ದಾಗ ಒಬ್ಬರ ಮನೇಲಿ ಕಡಲೆಕಾಯಿ ಇಲ್ಲದ ಅಡುಗೇನೇ ಬಡಿಸಿದ್ರು, ಆದ್ರೆ ಬಡಿಸಿದ ಚಮಚ ಪಕ್ಕದ ಬಟ್ಟಲಿಂದ ಬಂದಿತ್ತು. ತುಟಿ ಊದಿಕೊಂಡು ಮೈಯೆಲ್ಲಾ ದದ್ದು ಎದ್ದು ಉಸಿರು ಸೆಳೀತಿದ್ದ, ಆ ಹದಿನೈದು ನಿಮಿಷ ನಾನು ಸಾಯೋವರೆಗೂ ಮರೆಯಲ್ಲ. ಈಗ ಚೆನ್ನಾಗಿದಾನೆ.

ಆದ್ದರಿಂದ ನನ್ನ ಸಲಹೆ ಒಂದೇ, ಆ 6 ದಿನ ಮನೇಲಿ ಕಡಲೆಕಾಯಿ ಇರಲೇಬಾರದು. ಬೇರೆ ಡಬ್ಬಿ, ಬೇರೆ ಚಮಚ ಅಂತೆಲ್ಲಾ 11 ಜನ, ಅದರಲ್ಲಿ 4 ಮಕ್ಕಳಿರೋ ಮನೇಲಿ ನಡೆಯಲ್ಲ. ಹುರಿದ್ರೂ ಬೇಯಿಸಿದ್ರೂ ಅಲರ್ಜಿ ಮಾಡೋ ಅಂಶ ಹೋಗಲ್ಲ. ಅಂಗಡಿ ಬಿಸ್ಕತ್ತು ಚಾಕ್ಲೇಟು ಎಲ್ಲದರ ಪ್ಯಾಕೆಟ್ ಹಿಂದೆ ಓದಿ, ಡಬ್ಬಿಗೆ ಸುರಿದ ಮೇಲೂ ಆ ಲೇಬಲ್ ಕತ್ತರಿಸಿ ಡಬ್ಬಿಗೆ ಅಂಟಿಸಿ, ಬರೋರಿಗೂ ತಿಂಡಿ ತರೋವಾಗ ನೋಡ್ಕೊಂಡು ತನ್ನಿ ಅಂತ ಮುಂಚೇನೇ ಮೆಸೇಜ್ ಹಾಕಿ. ಕೈ ತೊಳೆಯೋದು ಸೋಪು ನೀರಲ್ಲೇ, ಸ್ಯಾನಿಟೈಸರ್ ಹಚ್ಚಿದ್ರೆ ಕಡಲೆಕಾಯಿ ಅಂಶ ಕೈಯಿಂದ ಹೋಗಲ್ಲ. ಅವಳಿಗೆ ಡಾಕ್ಟರ್ ಇಂಜೆಕ್ಷನ್ ಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚೋ ಔಷಧಿ) ಬರೆದುಕೊಟ್ಟಿದ್ರೆ ಅದು ಎಲ್ಲಿದೆ, ಹೇಗೆ ಕೊಡೋದು ಅಂತ ಮನೆಯ ಎಲ್ಲಾ ದೊಡ್ಡೋರಿಗೂ ಬಂದ ದಿನವೇ ತೋರಿಸಿಬಿಡಲಿ. ಅವಳ ಮುಂದೆ "ನಿನ್ನಿಂದ ಯಾರೂ ತಿನ್ನೋಹಾಗಿಲ್ಲ" ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರದಂಗೆ ನೋಡ್ಕೊಳ್ಳಿ. ಮಗು ಅದನ್ನ ಮನಸ್ಸಲ್ಲಿ ಇಟ್ಕೊಳ್ಳುತ್ತೆ.

ಉತ್ತರ 7: ಹಿತ್ತಲ_ಬಾಗಿಲು

ನಮ್ಮಮ್ಮಂಗೆ ಬಿಪಿ ಶುಗರ್ ಎರಡೂ ಇದೆ, ಹಾಗಾಗಿ ಎರಡು ಮಾತು.

ಉಪ್ಪಿಗೆ ಬೇರೆ ಅಡುಗೆ ಮಾಡಬೇಡಿ, ಎಲ್ರದ್ದೂ ಕಮ್ಮಿ ಉಪ್ಪಲ್ಲಿ ಮಾಡಿ, ಅಪ್ಪಂಗೆ ಒಂದು ಬಟ್ಟಲು ಮೊದಲೇ ತೆಗೆದಿಟ್ಟು ಆಮೇಲೆ ಉಳಿದಿದ್ದಕ್ಕೆ ಉಪ್ಪು ಹಾಕಿ. ನಿಂಬೆಹಣ್ಣು, ಮೆಣಸು, ಹುರಿದ ಬೆಳ್ಳುಳ್ಳಿ ಇದ್ರೆ ಸಪ್ಪೆ ಅನ್ಸಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡೋರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದ್ರೆ ಒಂದು ಟೀ ಚಮಚ ಪೂರ್ತಿ ಇಲ್ಲ, ಅದರಲ್ಲಿ ಬ್ರೆಡ್ಡು, ಚೀಸು, ಸಾಸು, ಸೂಪ್ ಕ್ಯೂಬ್ ಒಳಗಿರೋ ಉಪ್ಪೂ ಸೇರಿರುತ್ತೆ. ಲೋ ಸೋಡಿಯಂ ಉಪ್ಪು ಅಂತ ಬರುತ್ತಲ್ಲ, ಅದರಲ್ಲಿ ಪೊಟ್ಯಾಶಿಯಂ ಇರುತ್ತೆ, ಕಿಡ್ನಿ ತೊಂದರೆ ಇರೋರಿಗೆ ಆಗಲ್ಲ, ಡಾಕ್ಟರನ್ನ ಕೇಳದೇ ಕೊಡಬೇಡಿ.

ಶುಗರ್ ಇರೋರಿಗೆ ರಜೇಲಿ ಎಲ್ರೂ ಸಿಹಿ ಬಗ್ಗೆ ಮಾತ್ರ ಯೋಚಿಸ್ತಾರೆ, ನಂಗೆ ಅದಕ್ಕಿಂತ ಭಯ ಊಟ ಲೇಟಾಗೋದು. ಇನ್ಸುಲಿನ್ ತಗೊಳ್ಳೋರು, ಕೆಲವು ಮಾತ್ರೆ ತಗೊಳ್ಳೋರು ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಶುಗರ್ ಪಟ್ ಅಂತ ಇಳಿಯುತ್ತೆ. ಎಲ್ರೂ ಬರಲಿ ಒಟ್ಟಿಗೆ ಕೂರೋಣ ಅಂತ ಒಂದು ಗಂಟೆ ಊಟ ಮೂರಕ್ಕೆ ಹೋದಾಗ ಅಮ್ಮ ಏನೂ ಹೇಳದೇ ಸೋಫಾ ಮೇಲೆ ಕೂತಿದ್ರು, ಕೈ ನಡುಗ್ತಿತ್ತು, ಹಣೆ ಮೇಲೆ ಬೆವರು. ಯಾರಿಗೂ ತೊಂದರೆ ಕೊಡಬಾರದು ಅಂತ ಸುಮ್ಮನಿದ್ರಂತೆ. ಆವತ್ತಿಂದ ನಮ್ಮನೇಲಿ ಅಮ್ಮನ ಊಟದ ಟೈಮೇ ಮನೆ ಊಟದ ಟೈಮು. ನಿಮ್ಮ ಅತ್ತೇನೂ ಹಸಿವಾದ್ರೆ ಕೇಳೋ ಪೈಕಿ ಅಲ್ದೇ ಇರಬಹುದು, ನೀವೇ ಗಡಿಯಾರ ನೋಡ್ಕೊಳ್ಳಿ.

ಮುಸ್ಸಂಜೆ_ಒಲೆ

ಎಲ್ಲರದ್ದೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಯಜಮಾನ್ರಿಗೂ ಓದಿ ಹೇಳಿದೆ, ನೀಲಿ ಬುತ್ತಿಯವ್ರು ಬರೆದಿದ್ದು ಓದೋವಾಗ ಇಬ್ರಿಗೂ ಮಾತೇ ಬರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಅಣ್ಣಂಗೆ ಫೋನ್ ಮಾಡಿದೆ, ಮಗಳಿಗೆ ಇಂಜೆಕ್ಷನ್ ಪೆನ್ ಇದೆಯಂತೆ, ಇಷ್ಟು ವರ್ಷ ನಂಗೆ ಗೊತ್ತೇ ಇರಲಿಲ್ಲ. ಬಂದ ದಿನ ತೋರಿಸ್ತೀನಿ ಅಂದ. ಮನೇಲಿದ್ದ ಕಡಲೆಕಾಯಿ ಎಲ್ಲಾ ಪಕ್ಕದ ಮನೆಗೆ ಕೊಟ್ಟೆ, ಆ ಡಬ್ಬಿ ಸೋಪು ಹಾಕಿ ತೊಳೆದಿಟ್ಟೆ.

ಹಾಳೆ ಬರೆದಾಯ್ತು, 18 ಇದ್ದಿದ್ದು 13 ಆಯ್ತು. ಅತ್ತೆ ಮಧ್ಯಾಹ್ನ ಒಂದಕ್ಕೆ ಊಟ ಮಾಡ್ತಾರೆ, ಹಾಗಾಗಿ ದೊಡ್ಡ ಊಟ ಒಂದು ಗಂಟೆಗೆ. 13ರಲ್ಲಿ 4 ಊಟಕ್ಕೆ ಬೇರೆಯವರ ಹೆಸರು ಬರೆದಿದೀನಿ, ಬರೆಯೋವಾಗ ಕೈ ತಡೀತು, ಅಮ್ಮ ಏನಂತಾರೋ ಅಂತ. ಅಮ್ಮಂಗೆ ಹೇಳಿದ್ರೆ ಅವ್ರು ಒಂದು ನಿಮಿಷ ಸುಮ್ಮನಿದ್ದು, "ನಂಗೂ ಹೀಗೆ ಯಾರಾದ್ರೂ ಬರೆದುಕೊಟ್ಟಿದ್ರೆ" ಅಂದ್ರು. ಆಮೇಲೆ ನಾಲ್ಕನೇ ದಿನದ ಸೂಪು ತಾನು ಮಾಡ್ತೀನಿ ಅಂತ ತಾವೇ ಕೇಳಿ ತಗೊಂಡ್ರು. ಸೌಟು ಅಣ್ಣ, ಆ ಸೂಪಿಗೆ ಅಂತಾನೇ ಎರಡು ಇಂಚು ಆಳದ 4 ಟ್ರೇ ತಂದಿದೀನಿ, ಫ್ರಿಜ್ಜಿಗೆ ಥರ್ಮಾಮೀಟರ್ ಇಟ್ಟೆ, ಇಷ್ಟು ದಿನ ನಮ್ಮ ಫ್ರಿಜ್ 9 ಡಿಗ್ರೀಲಿ ಓಡ್ತಿತ್ತು, ನಾಬ್ ತಿರುಗಿಸಿ ಒಂದು ದಿನ ಬಿಟ್ಟು ನೋಡಿದೆ, ಈಗ 4 ತೋರಿಸ್ತಿದೆ.

ಮೂರನೇ ದಿನದ ಊಟ ಅಣ್ಣಂದು. ಮಕ್ಕಳಿಗೆ ಹೇಳಿಟ್ಟಿದೀನಿ, ಅವತ್ತು ಬೆಳಗ್ಗೆ ಹತ್ತರಿಂದ ಆಟಕ್ಕೆ ನಾನೂ ಬರ್ತೀನಿ ಅಂತ.